ಬೀಟೆಯ ಬೆನ್ನು, ಸ್ಪ್ರೂಸಿನ ಮುಖ

ಕಲ್ಲುಗೋಡೆಗೆ ಹೊಡೆದ ಎರಡು ಮೊಳೆಗಳ ನಡುವೆ ಒಂದು ಉಕ್ಕಿನ ತಂತಿಯನ್ನು ಬಿಗಿದು ಕಟ್ಟಿ ಮೀಟಿ ನೋಡಿರಿ. ತಂತಿ ಕಣ್ಣಿಗೆ ಕಾಣುವಂತೆ ಅದುರುತ್ತದೆ; ಆದರೆ ನಾಲ್ಕು ಮಾರು ದೂರ ನಿಂತವನಿಗೆ ಅದರ ದನಿ ಕೇಳಿಸುವುದೇ ಕಷ್ಟ. ಅದೇ ತಂತಿಯನ್ನು ಹಳೆಯ ಮರದ ಪೆಟ್ಟಿಗೆಯೊಂದರ ಮುಚ್ಚಳದ ಮೇಲೆ ಬಿಗಿದು ಮೀಟಿದರೆ ಪಕ್ಕದ ಕೋಣೆಯವರೂ ತಲೆಯೆತ್ತುತ್ತಾರೆ. ನಮ್ಮ ಬೆರಳು ಕೊಟ್ಟ ಶಕ್ತಿ ಎರಡೂ ಸಲ ಒಂದೇ. ಹಾಗಾದರೆ ಎರಡನೆಯ ಸಲ ಅಷ್ಟು ದನಿ ಎಲ್ಲಿಂದ ಬಂದಿತು? ತಂತಿ ಬಹಳ ಸಣಕಲು. ಅದು ಗಾಳಿಯನ್ನು ಸೀಳಬಲ್ಲದೇ ಹೊರತು ತಳ್ಳಲಾರದು. ಅಗಲವಾದ ಮುಚ್ಚಳವಾದರೋ ತಂತಿಯ ಕಂಪನವನ್ನು ತಾನು ಹೊತ್ತು, ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ನೂಕಿ, ಶಬ್ದತರಂಗಗಳನ್ನಾಗಿ ಮಾರ್ಪಡಿಸುತ್ತದೆ. ವೀಣೆ, ಪಿಟೀಲು, ಗಿಟಾರ್ ಎಲ್ಲವೂ ಈ ಒಂದು ತತ್ತ್ವವನ್ನೇ ನಂಬಿಕೊಂಡಿವೆ.

ನಮ್ಮ ಕಾಲೇಜುಗಳಲ್ಲಿ ಗಿಟಾರ್ ಹಿಡಿದ ತರುಣರಿಗೆ ಈಗ ಕೊರತೆಯಿಲ್ಲ. ಪದರ ಹಲಗೆಯ ಅಗ್ಗದ ವಾದ್ಯದಲ್ಲಿ ಕೈ ಪಳಗಿದ ಮೇಲೆ ಅವರಲ್ಲಿ ಕೆಲವರಿಗೆ ಇಡೀ ಮರದಿಂದಲೇ ಮಾಡಿದ ಉತ್ತಮ ವಾದ್ಯದ ಕನಸು ಹುಟ್ಟುತ್ತದೆ. ಅದರ ಬೆಲೆ ಲಕ್ಷಗಳಲ್ಲಿ. ಮಾರುವವರ ಬಾಯಲ್ಲಿ ಮರಗಳ ಹೆಸರುಗಳು ಮಂತ್ರಗಳಂತೆ ಉದುರುತ್ತವೆ: ಇಂಥ ಮರದ ಬೆನ್ನಿದ್ದರೆ ದನಿಗೆ ಆಳ, ಇಂಥದಿದ್ದರೆ ಇಂಪು, ಇನ್ನೊಂದಿದ್ದರೆ ಹೊಳಪು. ಈ ಮಾತುಗಳಲ್ಲಿ ಭೌತವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಹಣ ಕೊಡುವವನಿಗೆ ಮಾತ್ರವಲ್ಲ, ನಮ್ಮ ಮಲೆನಾಡಿನ ಒಂದು ಮರಕ್ಕೂ ಸಂಬಂಧಿಸಿದ ವಿಷಯವಾಗಿದೆ. ಇಲ್ಲಿ ನಾವು ಉಕ್ಕಿನ ತಂತಿಯ ಗಿಟಾರನ್ನು ಮಾತ್ರ ಪರಿಶೀಲಿಸೋಣ.

ಗಿಟಾರಿನ ಮುಖದ ಹಲಗೆಯ ಪಾಡು ಸುಲಭದ್ದಲ್ಲ. ಸಾಧಾರಣ ದಪ್ಪದ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವುಗಳ ಒಟ್ಟು ಸೆಳೆತ ೭೦ ಕಿಲೋಗ್ರಾಂ ತೂಕವನ್ನು ಮೀರುತ್ತದೆ. ಒಬ್ಬ ಬೆಳೆದ ಆಳು ಹಗಲು ರಾತ್ರಿ ಕುದುರೆಗೆ ಜೋತುಬಿದ್ದಂತೆ ಎನ್ನಬಹುದು. ಇದನ್ನು ತಡೆಯುವ ಹಲಗೆಯ ದಪ್ಪವೋ ಬರಿಯ ಮೂರು ಮಿಲಿಮೀಟರಿನ ಆಸುಪಾಸು. ದಪ್ಪ ಹೆಚ್ಚಿಸಿದರೆ ಹಲಗೆ ಗಟ್ಟಿಯಾಗುತ್ತದೆ, ನಿಜ. ಜೊತೆಗೆ ಭಾರವೂ ಆಗುತ್ತದೆ. ಭಾರವಾದ ಹಲಗೆಯನ್ನು ಅಲುಗಿಸಲು ಸಣಕಲು ತಂತಿಗೆ ಕಸುವು ಸಾಲದು. ಆದ್ದರಿಂದ ಹಗುರವಾಗಿದ್ದೂ ಬಾಗದ ಮರ ಬೇಕು.

ಚಪ್ಪಟೆ ಹಲಗೆಯ ಬಿಗುಪು ಮರದ ಸ್ಥಿತಿಸ್ಥಾಪಕಾಂಕವನ್ನೂ ದಪ್ಪದ ಘನವನ್ನೂ ಅವಲಂಬಿಸಿದೆ. ತೂಕವು ಸಾಂದ್ರತೆಯನ್ನೂ ದಪ್ಪವನ್ನೂ ಅವಲಂಬಿಸಿದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಸಿಟ್ಕಾ ಸ್ಪ್ರೂಸನ್ನು ತೆಗೆದುಕೊಳ್ಳೋಣ. ಎಳೆಯ ಉದ್ದಕ್ಕೆ ಅದರ ಸ್ಥಿತಿಸ್ಥಾಪಕಾಂಕ ಸುಮಾರು ೧೧೦೦ ಕೋಟಿ ಪಾಸ್ಕಲ್. ಒಂದು ಘನಮೀಟರಿನ ತೂಕ ಸುಮಾರು ೪೩೦ ಕಿಲೋಗ್ರಾಂ. ನಮ್ಮ ಬೀಟೆಯ ಸ್ಥಿತಿಸ್ಥಾಪಕಾಂಕವೂ ಹೆಚ್ಚುಕಡಮೆ ಅಷ್ಟೇ. ಆದರೆ ಘನಮೀಟರಿನ ತೂಕ ೮೩೦ ಕಿಲೋಗ್ರಾಂ. ಒಂದೇ ಬಿಗುಪು ಬರುವಂತೆ ಎರಡರಲ್ಲೂ ಹಲಗೆ ಮಾಡಿದರೆ ದಪ್ಪ ಸಮನಾಗುತ್ತದೆ. ಬೀಟೆಯ ತೂಕ ಮಾತ್ರ ಇಮ್ಮಡಿಯಷ್ಟಾಗುತ್ತದೆ. ಬೀಟೆಯ ಮುಖವಿರುವ ಗಿಟಾರನ್ನು ನಾವೇಕೆ ಕಾಣುವುದಿಲ್ಲವೆಂಬುದಕ್ಕೆ ಈ ಲೆಕ್ಕವೇ ಸಾಕು. ಸ್ಪ್ರೂಸಿನ ಎಳೆಯ ಉದ್ದಕ್ಕೆ ಶಬ್ದವು ಸೆಕೆಂಡಿಗೆ ಸುಮಾರು ೫೦೦೦ ಮೀಟರ್ ವೇಗದಿಂದ ಓಡುತ್ತದೆ. ಉಕ್ಕಿನಲ್ಲಿಯ ವೇಗಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ನೀರಿನ ಮೇಲೆ ತೇಲುವ ಮರವೊಂದು ಈ ವಿಷಯದಲ್ಲಿ ಉಕ್ಕಿಗೆ ಸಾಟಿಯಾಗಿ ನಿಲ್ಲುವುದು ಸೋಜಿಗವಲ್ಲವೆ?

ಆದರೆ ಎಳೆಗೆ ಅಡ್ಡಲಾಗಿ ಈ ಮರ ತೀರ ದುರ್ಬಲ. ಉದ್ದಕ್ಕಿರುವ ಬಿಗುಪಿನ ಹತ್ತನೆಯ ಒಂದು ಪಾಲೂ ಅಡ್ಡಕ್ಕಿಲ್ಲ. ಈ ಕುಂದನ್ನು ತುಂಬಲು ಹಲಗೆಯ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ಗುಣಿಸುವ ಚಿಹ್ನೆಯಂತೆ ಎರಡು ಪಟ್ಟಿಗಳನ್ನು ಒಂದನ್ನೊಂದು ದಾಟಿಸುವ ಕ್ರಮ ೧೮೪೦ರ ದಶಕದಿಂದ ಅಮೆರಿಕದ ಗಿಟಾರುಗಳಲ್ಲಿ ಬಳಕೆಗೆ ಬಂದಿತು. ಉಕ್ಕಿನ ತಂತಿಯ ಸೆಳೆತಕ್ಕೆ ಇಂದಿಗೂ ಬಹುಪಾಲು ಅದೇ ಆಸರೆ. ಪಟ್ಟಿಗಳನ್ನು ಎಲ್ಲಿ ಎಷ್ಟು ಕೆತ್ತಿ ತೆಳ್ಳಗೆ ಮಾಡಬೇಕೆಂಬುದರಲ್ಲಿ ಕುಶಲಿಯ ಕೈಚಳಕ ಅಡಗಿದೆ. ಇದನ್ನು ಯಾವ ಬೆಲೆಪಟ್ಟಿಯೂ ಹೇಳುವುದಿಲ್ಲ. ದನಿಯನ್ನು ನಿರ್ಧರಿಸುವುದರಲ್ಲಿ ಮಾತ್ರ ಇದಕ್ಕೆ ಮೊದಲ ಪಂಕ್ತಿ.

ಮುಖಕ್ಕೆ ಸೀಡರನ್ನೂ ಬಳಸುವುದುಂಟು. ಅದು ಸ್ಪ್ರೂಸಿಗಿಂತ ಹಗುರ, ಮೆತು. ಬೆರಳಿನ ನಯವಾದ ಮೀಟಿಗೆ ಕೂಡಲೇ ಉತ್ತರ ಕೊಡುತ್ತದೆ. ಬಿರುಸಾಗಿ ಬಾರಿಸಿದಾಗ ಸ್ಪ್ರೂಸಿನಷ್ಟು ದೂರ ಜೊತೆಗೆ ಬರುವುದಿಲ್ಲವೆಂದು ವಾದಕರ ಅಭಿಪ್ರಾಯ. ಯಾವ ಮರವೇ ಆಗಲಿ, ಹಲಗೆಯ ಕಡೆಗೋಡಿನಲ್ಲಿ ಎಳೆಗಳು ಮುಖಕ್ಕೆ ಲಂಬವಾಗಿ ನಿಂತಿವೆಯೇ ಎಂದು ನೋಡಬೇಕು. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದರೆ ಇದು ಕಾಣುತ್ತದೆ. ಹಾಗೆ ಕೊಯ್ದ ಹಲಗೆಗೆ ಅಡ್ಡಬಿಗುಪು ಹೆಚ್ಚು. ಹವೆಯ ಏರುಪೇರಿಗೆ ಅದು ಸೊಟ್ಟಗಾಗುವುದೂ ಕಡಮೆ. ಅಂಚಿನಲ್ಲಿ ಪದರಗಳು ಕಂಡರೆ ಅದು ಇಡೀ ಮರವಲ್ಲವೆಂದು ತಿಳಿಯಬೇಕು.

ಇನ್ನು ಬೆನ್ನು ಮತ್ತು ಪಕ್ಕಗಳು. ಬೆಲೆಯಲ್ಲಿ ಹೆಚ್ಚಿನ ಅಂತರ ಹುಟ್ಟುವುದು ಇಲ್ಲಿಯೇ. ಮಹಾಗನಿ, ಮೇಪಲ್, ವಾಲ್ನಟ್, ಬೀಟೆ ಇವು ಪರಿಚಿತವಾದ ಹೆಸರುಗಳು. ಹಿಂದೆ ಇವೆಲ್ಲಕ್ಕಿಂತ ಮೇಲೆಂದು ಎಣಿಸಿದ್ದು ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು. ಆ ದೇಶ ೧೯೬೦ರ ದಶಕದ ಕೊನೆಯಲ್ಲಿ ದಿಮ್ಮಿಗಳ ರಫ್ತನ್ನು ತಡೆದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ ೧೯೬೯ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ಮಲೆನಾಡಿನ ಮನೆಗಳಲ್ಲಿ ಕಪಾಟಾಗಿ, ತೊಟ್ಟಿಲಾಗಿ, ಮೈಸೂರಿನ ಕುಶಲಿಗಳ ಕೈಯಲ್ಲಿ ಕುಸುರಿಹಲಗೆಯಾಗಿ ನಮಗೆ ಬಳಕೆಯಲ್ಲಿದ್ದ ಮರ ಹೀಗೆ ಸಾಗರದಾಚೆ ಗಿಟಾರಿನ ಬೆನ್ನೇರಿತು. ಬೆನ್ನಾಯಿತು ಎನ್ನುವುದೇ ಸರಿ.

ಬೀಟೆಯ ಹೆಸರು ಪೂರ್ತಿ ಪೊಳ್ಳಲ್ಲ. ಅದರ ತೆಳುಹಲಗೆಯೊಂದನ್ನು ಎರಡು ಬೆರಳಲ್ಲಿ ತೂಗುಬಿಟ್ಟು ಗೆಣ್ಣಿನಿಂದ ತಟ್ಟಿದರೆ ಕಂಚಿನ ತಟ್ಟೆಯಂತೆ ದನಿ ಉಳಿದು ನಿಲ್ಲುತ್ತದೆ. ಅದರ ಒಳಘರ್ಷಣೆ ಕಡಮೆ. ಮೇಪಲ್ಲನ್ನು ತಟ್ಟಿದರೆ ದನಿ ಬೇಗ ಅಡಗುತ್ತದೆ. ಆದರೆ ತೂಗುಬಿಟ್ಟ ಹಲಗೆಯೇ ಬೇರೆ, ವಾದ್ಯವಾಗಿ ಕೂಡಿಸಿ ವಾದಕನ ಹೊಟ್ಟೆಗೆ ಒರಗಿಸಿಕೊಂಡ ಹಲಗೆಯೇ ಬೇರೆ. ಸ್ಪೇನಿನ ಆಂಟೋನಿಯೋ ಡಿ ಟೋರೆಸ್ ೧೮೬೨ರಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದವನು. ಮುಖಕ್ಕೆ ಉತ್ತಮವಾದ ಸ್ಪ್ರೂಸನ್ನು ಹಾಕಿ, ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿದ ಗಿಟಾರೊಂದನ್ನು ಅವನು ಕಟ್ಟಿದನು. ದನಿಯ ಹೊಣೆ ಮುಖದ ಹಲಗೆಯದೆಂದು ತೋರಿಸುವುದು ಅವನ ಉದ್ದೇಶ. ಆ ವಾದ್ಯ ಇಂದಿಗೂ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಒಂದೂವರೆ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಬೆನ್ನು ಮತ್ತು ಪಕ್ಕಗಳ ಮರದ ಹೊರತು ಬೇರೆ ಎಲ್ಲವೂ ಒಂದೇ ತೆರನಾದ ಆರು ಗಿಟಾರುಗಳನ್ನು ಒಬ್ಬನೇ ಕುಶಲಿಯಿಂದ ಮಾಡಿಸಿದರು. ಬ್ರೆಜಿಲಿನ ರೋಸ್‌ವುಡ್, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್ ಹೀಗೆ ಆರು ಮರಗಳು. ೫೨ ಮಂದಿ ವಾದಕರು ಮಂದ ಬೆಳಕಿನಲ್ಲಿ, ಬೆಸುಗೆಯವರು ಹಾಕುವಂಥ ಕಪ್ಪು ಕನ್ನಡಕ ಧರಿಸಿ, ಅವುಗಳನ್ನು ನುಡಿಸಿ ಅಂಕ ಕೊಟ್ಟರು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶ ಇದು: ಆರಕ್ಕೂ ಬಂದ ಅಂಕಗಳು ಹೆಚ್ಚುಕಡಮೆ ಒಂದೇ. ಕಿವಿಯಿಂದಲೇ ಒಂದರಿಂದ ಇನ್ನೊಂದನ್ನು ಗುರುತಿಸುವ ಪರೀಕ್ಷೆಯಲ್ಲೂ ವಾದಕರು ತಿಣುಕಿದರು. ಬೆನ್ನಿನ ಮರಕ್ಕೆ ಪರಿಣಾಮವೇ ಇಲ್ಲವೆಂದು ಇದರಿಂದ ಸಾಧಿಸಿದಂತಾಗುವುದಿಲ್ಲ; ಇರುವ ಪರಿಣಾಮ ಅತ್ಯಲ್ಪವೆಂದು ಮಾತ್ರ ಹೇಳಬಹುದು. ಆದರೆ ಬೆಲೆಯಲ್ಲಿರುವ ಅಂತರ ಅತ್ಯಲ್ಪವಲ್ಲ.

ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು ೧೯೯೨ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ೨೦೧೭ರ ಜನವರಿಯಿಂದ ನಮ್ಮ ಬೀಟೆಯೂ ಸೇರಿದಂತೆ ಅದರ ಕುಲದ ಉಳಿದ ಎಲ್ಲ ಮರಗಳ ವ್ಯಾಪಾರಕ್ಕೂ ಪರವಾನಗಿಯ ಕಟ್ಟು ಬಂದಿತು. ಸಿದ್ಧವಾದ ವಾದ್ಯಗಳಿಗೆ ೨೦೧೯ರ ಕೊನೆಯಲ್ಲಿ ವಿನಾಯಿತಿ ದೊರೆತರೂ ಮರದ ವ್ಯಾಪಾರದ ಮೇಲಿನ ಹತೋಟಿ ಸಡಿಲಲಿಲ್ಲ. ಬೀಟೆ ನಿಧಾನವಾಗಿ ಬೆಳೆಯುವ ಮರ. ಬೆನ್ನಿನ ಎರಡು ಹೋಳುಗಳಿಗೆ ಸಾಕಾಗುವಷ್ಟು ಅಗಲದ ಕೆಚ್ಚು ಕಟ್ಟಲು ಒಂದು ಕಾಡಿಗೆ ಮನುಷ್ಯರ ಕೆಲವು ತಲೆಮಾರುಗಳು ಬೇಕು. ಕಿವಿಗೆ ಕೇಳಿಸದ ಅಂತರಕ್ಕಾಗಿ ಅದನ್ನು ಕಡಿಯಬೇಕೆ ಎಂದು ಕೊಳ್ಳುವವರು ಕೇಳಿಕೊಳ್ಳಬಹುದು. ನಮಗೆ ಕೇಳಿದರೆ, ಹಣಕ್ಕೆ ಮಿತಿಯಿರುವ ವಿದ್ಯಾರ್ಥಿಯು ಮುಖದ ಹಲಗೆಗೂ ಕುಶಲಿಯ ಕೆಲಸಕ್ಕೂ ಹಣ ಕೊಡಲಿ. ಬೆನ್ನು ಮಹಾಗನಿಯದೋ ವಾಲ್ನಟ್ಟಿನದೋ ಆದರೆ ಕಳೆದುಕೊಳ್ಳುವುದು ಅಷ್ಟೇನಿಲ್ಲ.

ಒಡಲಿನ ಗಾತ್ರದ ಮಾತೇ ಬೇರೆ. ಇಲ್ಲಿ ಅಂತರವನ್ನು ಕೇಳಲು ಪಳಗಿದ ಕಿವಿ ಬೇಕಿಲ್ಲ. ಬರಿದಾದ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದಾಗ ಏಳುವ ದನಿಯನ್ನು ಎಲ್ಲರೂ ಬಲ್ಲರು. ಒಳಗಿನ ಗಾಳಿ ತಿದಿಯಂತೆ ಕುಗ್ಗಿ ಹಿಗ್ಗುತ್ತದೆ; ಕತ್ತಿನಲ್ಲಿರುವ ಗಾಳಿ ಅದರ ಮೇಲೆ ಕುಳಿತ ತೂಕದಂತೆ ಆಡುತ್ತದೆ. ಸೀಸೆಗೆ ನೀರು ಹಾಕಿ ಒಳಗಿನ ತೆರಪನ್ನು ಕುಗ್ಗಿಸಿದರೆ ಸ್ವರ ಏರುತ್ತದೆ. ಗಿಟಾರಿನ ಒಡಲೂ ಇಂಥದೇ ಒಂದು ಸೀಸೆ. ನಾದರಂಧ್ರವೇ ಅದರ ಬಾಯಿ. ರಂಧ್ರವನ್ನು ಬದಲಿಸದೆ ಒಳಗಿನ ಗಾಳಿಯ ಅಳತೆಯನ್ನು ಮಾತ್ರ ಬದಲಿಸಿದರೆ ಅನುರಣನದ ಆವೃತ್ತಿ ಅಳತೆಯ ವರ್ಗಮೂಲಕ್ಕೆ ವಿಲೋಮವಾಗಿ ನಡೆಯುತ್ತದೆ.

ಡ್ರೆಡ್‌ನಾಟ್ ಎಂಬ ದೊಡ್ಡ ಒಡಲನ್ನು ಮಾರ್ಟಿನ್ ಕಂಪನಿ ೧೯೧೬ರಲ್ಲಿ ಬೇರೊಂದು ವ್ಯಾಪಾರಸಂಸ್ಥೆಗಾಗಿ ಮೊದಲು ತಯಾರಿಸಿತು. ೧೯೦೬ರಲ್ಲಿ ನೀರಿಗಿಳಿದ ಬ್ರಿಟಿಷರ ಭಾರಿ ಯುದ್ಧನೌಕೆಯ ಹೆಸರು ಅದು. ಕೆಳಭಾಗದ ಅಗಲ ಸುಮಾರು ೪೦ ಸೆಂಟಿಮೀಟರ್, ಆಳ ಹೆಚ್ಚುಕಡಮೆ ೧೨. ಇದರ ಗಾಳಿಯ ಅನುರಣನ ಸೆಕೆಂಡಿಗೆ ೧೦೦ ಕಂಪನಗಳ ಆಸುಪಾಸಿನಲ್ಲಿರುತ್ತದೆ. ಮೂರು ಸೊನ್ನೆಯ ಗುರುತಿನ ಒಡಲಿನ ಅಗಲ ೩೮ ಸೆಂಟಿಮೀಟರ್, ಆಳ ಹತ್ತೂವರೆಯ ಹತ್ತಿರ. ಒಳಗಿನ ಗಾಳಿ ಐದನೆಯ ಒಂದು ಪಾಲು ಕಡಮೆಯಾಯಿತೆಂದು ಇಟ್ಟುಕೊಂಡರೆ ಆವೃತ್ತಿ ಶೇಕಡಾ ೧೨ರಷ್ಟು ಏರಬೇಕು. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಷಡ್ಜದಿಂದ ಚತುಃಶ್ರುತಿ ರಿಷಭಕ್ಕೆ ಏರಿದಷ್ಟು.

ಗಿಟಾರಿನ ಅತಿ ಮಂದ್ರ ತಂತಿಯ ಆವೃತ್ತಿ ೮೨. ಅದು ದೊಡ್ಡ ಒಡಲಿನ ಅನುರಣನಕ್ಕಿಂತಲೂ ಕೆಳಗಿದೆ ಎಂಬುದನ್ನು ಗಮನಿಸಬೇಕು. ಅನುರಣನಕ್ಕಿಂತ ಕೆಳಗೆ, ಮುಖದ ಹಲಗೆ ಗಾಳಿಯನ್ನು ಹೊರಕ್ಕೆ ನೂಕುವ ಹೊತ್ತಿಗೆ ರಂಧ್ರವು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಇನ್ನೊಂದರ ದುಡಿಮೆಯನ್ನು ಅಳಿಸುತ್ತದೆ. ಹೀಗಾಗಿ ಅತಿ ಮಂದ್ರದ ಮೂಲಸ್ವರ ಯಾವ ಗಿಟಾರಿನಿಂದಲೂ ಬಲವಾಗಿ ಹೊರಡುವುದಿಲ್ಲ. ಅದರ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ! ದೊಡ್ಡ ಒಡಲಿನಲ್ಲಿ ಈ ಕೊರತೆ ಕಡಮೆ, ಸಣ್ಣದರಲ್ಲಿ ಹೆಚ್ಚು. ಹಾಡಿಗೆ ಜೊತೆಯಾಗಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವವರಿಗೆ ಡ್ರೆಡ್‌ನಾಟಿನ ಗುಡುಗು ಸಲ್ಲುತ್ತದೆ. ಬೆರಳುಗಳಿಂದ ಒಂದೊಂದು ತಂತಿಯನ್ನು ಬಿಡಿಸಿ ನುಡಿಸುವವರಿಗೆ ಅದೇ ಗುಡುಗು ಮೇಲಿನ ಸ್ವರಗಳನ್ನು ಮುಚ್ಚಿಹಾಕುವ ಕಿರುಕುಳವಾಗಬಹುದು. ಅವರಿಗೆ ಮೂರು ಸೊನ್ನೆಯದೋ ಎರಡು ಸೊನ್ನೆಯದೋ ಮೇಲು. ಕುಳ್ಳನೆಯ ಮೈಕಟ್ಟಿನವರ ಬಲತೋಳಿಗೂ ಅದೇ ಹಿತ.

ಅನುರಣನದ ಮೇಲೆಯೇ ಬಂದು ಕೂರುವ ಸ್ವರ ಒಮ್ಮೆಗೇ ಉಬ್ಬಿ, ಬೇಗನೆ ಬತ್ತುತ್ತದೆ. ತಂತಿಯ ಶಕ್ತಿಯನ್ನು ಒಡಲು ಅಷ್ಟು ಆತುರದಿಂದ ಖರ್ಚುಮಾಡುತ್ತದೆ. ಪಿಟೀಲಿನ ಕುಲದಲ್ಲಿ ಇದರ ಬಂಧುವಾದ ‘ತೋಳಸ್ವರ’ವನ್ನು ಕುರಿತು ನಮ್ಮ ಸಿ. ವಿ. ರಾಮನ್ನರು ಬರೆದದ್ದು ಡ್ರೆಡ್‌ನಾಟ್ ಹುಟ್ಟಿದ ೧೯೧೬ರಲ್ಲಿಯೇ. ಅಂಗಡಿಯಲ್ಲಿ ಮಂದ್ರದ ತಂತಿಯನ್ನು ಒಂದೊಂದೇ ಮೆಟ್ಟಿಲಿನಲ್ಲಿ ಒತ್ತಿ ಸಮನಾದ ಬಲದಿಂದ ಮೀಟುತ್ತ ಹೋಗಿರಿ. ಆವೃತ್ತಿ ಮೂರನೆಯ ಮೆಟ್ಟಿಲಿನಲ್ಲಿ ೯೮, ನಾಲ್ಕನೆಯದರಲ್ಲಿ ೧೦೪. ಈ ಎಡೆಯಲ್ಲಿ ಸ್ವಲ್ಪ ಉಬ್ಬು ಸಹಜ. ಒಂದೇ ಸ್ವರ ಬಡಿದೆಬ್ಬಿಸಿದಂತೆ ಕೂಗಿ ಪಕ್ಕದ್ದು ಸತ್ತಂತಿದ್ದರೆ ಆ ವಾದ್ಯ ಬೇಡ. ಅನಂತರ ಗೆಳೆಯನೊಬ್ಬನ ಕೈಗೆ ಮೂರು ನಾಲ್ಕು ಗಿಟಾರುಗಳನ್ನು ಕೊಟ್ಟು, ಬೆನ್ನು ತಿರುಗಿಸಿ ಕುಳಿತು, ಮರದ ಹೆಸರನ್ನೂ ಬೆಲೆಯನ್ನೂ ಕೇಳದೆ ಆಲಿಸಬೇಕು. ಎಲ್ಲದಕ್ಕೂ ಒಂದೇ ಬಗೆಯ ಹೊಸ ತಂತಿಗಳಿರುವುದು ಅಗತ್ಯ. ಹಳೆಯ ತಂತಿ ಎಂಥ ಮರವನ್ನೂ ಮಂಕಾಗಿಸುತ್ತದೆ. ಅದೇ ಕ್ರಮವನ್ನು ಮರುದಿನ ಇನ್ನೊಮ್ಮೆ ನಡೆಸಿದಾಗಲೂ ಅದೇ ವಾದ್ಯ ಗೆದ್ದರೆ ಅದಕ್ಕೆ ಹಣ ತೆರಬಹುದು.

ಇಡೀ ಮರದ ವಾದ್ಯವನ್ನು ಮನೆಗೆ ತಂದವರು ಹವೆಯ ಕಡೆಗೂ ಕಣ್ಣಿಟ್ಟಿರಬೇಕು. ತೇವ ಹೀರಿದ ಮರ ಎಳೆಯ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಆಷಾಢದ ಮಂಗಳೂರಿನಲ್ಲಿ ಮುಖದ ಹಲಗೆ ಗುಬ್ಬಿ, ತಂತಿಗಳು ಮೆಟ್ಟಿಲುಗಳಿಂದ ಮೇಲೆದ್ದು ಒತ್ತಲು ಬೆರಳು ನೋಯುತ್ತದೆ. ಚೈತ್ರದ ಕಲಬುರಗಿಯಲ್ಲಿ ಅದೇ ಹಲಗೆ ಕುಗ್ಗಿ ಸೀಳಬಹುದು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ ೪೫ರಿಂದ ೫೫ರ ನಡುವೆ ಇದ್ದರೆ ಕ್ಷೇಮ. ಗಟ್ಟಿ ಪೆಟ್ಟಿಗೆಯೊಂದು, ಅದರೊಳಗೆ ತೇವಾಂಶವನ್ನು ತೋರಿಸುವ ಪುಟ್ಟ ಮಾಪಕವೊಂದು, ಮಳೆಗಾಲದಲ್ಲಿ ತೇವ ಹೀರುವ ಹರಳುಗಳ ಚೀಲ, ಬೇಸಗೆಯಲ್ಲಿ ಒದ್ದೆ ಸ್ಪಂಜಿನ ಡಬ್ಬಿ: ಇವುಗಳ ಬೆಲೆ ವಾದ್ಯದ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ.