ಪ್ರಳಯದ ನಂಬಿಕೆಯಲ್ಲಿ ನೆಮ್ಮದಿಯೇಕೆ?

ಲೋಕವು ಇನ್ನೇನು ಮುಳುಗಿಹೋಗುವುದೆಂಬ ಸುದ್ದಿಯು ವರ್ಷಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳದೆ ಇರುವುದಿಲ್ಲ. ಹಿಂದೆ ಅದು ಕರಪತ್ರಗಳಲ್ಲಿಯೂ ಊರಿನಿಂದ ಬಂದ ಕಾಗದಗಳಲ್ಲಿಯೂ ಬರುತ್ತಿತ್ತು. ಈಗ, ಹೋಟೆಲಿನ ಬಾಗಿಲೆಳೆದು ರಾತ್ರಿ ಚಾಪೆ ಬಿಡಿಸಿದವರ ಮೊಬೈಲಿಗೇ ಬರುತ್ತದೆ. ಅದನ್ನು ಓದಿದವರ ಮುಖವನ್ನು ಗಮನಿಸಿದವರಿಗೆ ಒಂದು ವಿಚಿತ್ರವು ಕಾಣದಿರದು. ಅವರಲ್ಲಿ ಭಯವು ಅಷ್ಟಾಗಿ ಇರುವುದಿಲ್ಲ. ತಲೆಯ ಮೇಲಿನ ಹೊರೆಯೊಂದನ್ನು ಯಾರೋ ಇಳಿಸಿಕೊಂಡಂತಹ ಉತ್ಸಾಹದಿಂದ ಪಕ್ಕದವರನ್ನು ಎಬ್ಬಿಸಿ ತಿಳಿಸುತ್ತಾರೆ. ಈ ಉತ್ಸಾಹವು ಎಲ್ಲಿಂದ ಬಂದಿತೆಂಬುದೇ ನಮ್ಮ ಇಂದಿನ ಪ್ರಶ್ನೆ.

ನಮ್ಮ ದೇಶದಲ್ಲಿ ಇಂತಹ ನಂಬಿಕೆಯು ಬಹು ವ್ಯಾಪಕವಾಗಿ ಹಬ್ಬಿದುದು 1962ರ ಅಷ್ಟಗ್ರಹ ಕೂಟದ ಕಾಲದಲ್ಲಿ. ಆ ವರ್ಷದ ಫೆಬ್ರವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿಗಳೆಂಬ ಏಳೂ ಕೇತುವಿನೊಡನೆ ಮಕರ ರಾಶಿಯಲ್ಲಿ ಕೂಡಿದವು. ಅದರ ಮೇಲೆ ಅಮಾವಾಸ್ಯೆ. ಸಾಲದೆಂಬಂತೆ ಶಾಂತಸಾಗರದ ಕಡೆಯಲ್ಲಿ ಖಗ್ರಾಸ ಸೂರ್ಯಗ್ರಹಣ. ದೇಶದ ಉದ್ದಗಲಕ್ಕೂ ಹೋಮಗಳು ನಡೆದವು, ಅಖಂಡ ಭಜನೆಗಳು ನಡೆದವು, ತುಪ್ಪವು ಮಣಗಟ್ಟಲೆ ಬೆಂಕಿಗೆ ಬಿದ್ದಿತು. ಪ್ರಧಾನಿ ನೆಹರೂ ಅವರು ಇದೊಂದು ನಗೆಗೀಡಾದ ಸಂಗತಿಯೆಂದರು. ಫೆಬ್ರವರಿ 6ರ ಬೆಳಿಗ್ಗೆ ಎಂದಿನಂತೆ ಸೂರ್ಯನು ಮೂಡಿದನು, ಹಾಲಿನವರು ಬಂದರು, ಆ ತಿಂಗಳು ಮುಗಿಯುವುದರೊಳಗೆ ದೇಶವು ಮೂರನೆಯ ಮಹಾಚುನಾವಣೆಯಲ್ಲಿ ಮತವನ್ನೂ ಹಾಕಿತು.

ನಂಬಿದವರು ನಾಚಿಕೊಂಡರೇ? ಇಲ್ಲ. ಹೋಮಗಳ ಬಲದಿಂದಲೇ ಲೋಕವು ಉಳಿಯಿತೆಂದು ಕೆಲವರು ಹೇಳಿದರು. ಅಕ್ಟೋಬರಿನಲ್ಲಿ ಚೀನದ ದಾಳಿಯಾದಾಗ, ಕೂಟದ ಫಲವು ತಡವಾಗಿ ಬಂದಿತೆಂದು ಮತ್ತೆ ಕೆಲವರು ಹೇಳಿದರು. ಇದು ನಮ್ಮವರಿಗೆ ಮಾತ್ರ ಮೀಸಲಾದ ಗುಣವಲ್ಲ. ಅಮೆರಿಕದ ಶಿಕಾಗೋ ನಗರದ ಬಳಿ ಒಂದು ಸಣ್ಣ ಗುಂಪು 1954ರ ಡಿಸೆಂಬರ್ 21ರಂದು ಜಲಪ್ರಳಯವಾಗುವುದೆಂದೂ ತಮ್ಮನ್ನು ಹಾರುವ ತಟ್ಟೆಯೊಂದು ಒಯ್ಯುವುದೆಂದೂ ನಂಬಿ ಕಾದು ಕುಳಿತಿತ್ತು. ತಟ್ಟೆಯೂ ಬರಲಿಲ್ಲ, ನೀರೂ ಬರಲಿಲ್ಲ. ಬೆಳಗಾಗುವ ಹೊತ್ತಿಗೆ, ತಮ್ಮ ಭಕ್ತಿಯಿಂದಲೇ ಲೋಕವು ಉಳಿಯಿತೆಂಬ ಸಂದೇಶವು ಬಂದಿತೆಂದು ಹೇಳಿ ಅವರೇ ಪತ್ರಿಕೆಯವರನ್ನು ಕರೆದರು! ಆ ಗುಂಪಿನೊಳಗೆ ಸೇರಿಕೊಂಡು ಎಲ್ಲವನ್ನೂ ನೋಡಿದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಸಂಗಡಿಗರು 1956ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ಜೊತೆಯಾಗಿ ಕುಳಿತು ಕಾದವರ ನಂಬಿಕೆ ಗಟ್ಟಿಯಾಯಿತು. ತಮ್ಮ ತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಕಾದವರ ನಂಬಿಕೆ ಕರಗಿಹೋಯಿತು. (ಮಾಯಾ ಪಂಚಾಂಗದ ಹೆಸರಿನಲ್ಲಿ 2012ರಲ್ಲಿ ಹಬ್ಬಿದ ಪ್ರಳಯಕ್ಕೂ ಇದೇ ಡಿಸೆಂಬರ್ 21 ಗೊತ್ತಾಗಿತ್ತೆಂಬುದು ತಮಾಷೆಯ ಸಂಗತಿ.)

ನಮ್ಮ ಪುರಾಣಗಳ ಲೆಕ್ಕವಾದರೋ ಬಹಳ ನಿಧಾನದ್ದು. ಶ್ರೀಕೃಷ್ಣನು ಲೋಕವನ್ನು ಬಿಟ್ಟಂದಿನಿಂದ ಕಲಿಯು ಕಾಲಿಟ್ಟನೆಂದು ಹೇಳುವರಷ್ಟೆ. ಆ ಸ್ಥಳವೆಂದು ತೋರಿಸುವ ಭಾಲಕಾ ತೀರ್ಥವು ನಾವು ಅನ್ನವನ್ನರಸಿ ಬಂದ ಇದೇ ಗುಜರಾತಿನಲ್ಲಿ, ಸೋಮನಾಥದ ಸಮೀಪದಲ್ಲಿದೆ. ಕಲಿಯುಗದ ಒಟ್ಟು ಅವಧಿ 4,32,000 ವರ್ಷಗಳು. ಅದರಲ್ಲಿ ಕಳೆದುಹೋದುದು 5,100 ಚಿಲ್ಲರೆ. ಶಾಸ್ತ್ರವನ್ನು ನಂಬುವವರು ಇನ್ನೂ ನಾಲ್ಕು ಲಕ್ಷ ವರ್ಷಕ್ಕೂ ಮಿಕ್ಕಿ ಕಾಯಬೇಕಾದೀತು. ಆದುದರಿಂದ ನಾಳಿನ ಪ್ರಳಯವು ಶಾಸ್ತ್ರದಿಂದ ಬಂದುದಲ್ಲ. ನಮ್ಮ ಮನಸ್ಸಿನ ಅವಸರದಿಂದ ಬಂದುದು.

ಅವಸರವಾದರೂ ಏತಕ್ಕೆ? ಅಹಮದಾಬಾದಿನಲ್ಲಿ ಬೆಳಗಿನ ಜಾವ ಹಿಟ್ಟು ರುಬ್ಬಲು ಏಳುವವನ, ಬಡೋದೆಯ ಕಛೇರಿಯಲ್ಲಿ ಖಾತೆ ಬರೆಯುವವನ ಮನಸ್ಸನ್ನು ಹೊಕ್ಕು ನೋಡೋಣ. ಊರಿನಲ್ಲಿ ಅಡವಿಟ್ಟ ಗದ್ದೆ, ತಂಗಿಯ ಮದುವೆಯ ಸಾಲ, ಅರ್ಧಕ್ಕೆ ನಿಂತ ಮನೆ, ಅರ್ಧಕ್ಕೆ ಬಿಟ್ಟ ಓದು. ಇವೆಲ್ಲವೂ ಎಂದು ಮುಗಿಯುವುವೆಂದು ಹೇಳುವವರಿಲ್ಲ. ಪ್ರಳಯವಾದರೋ ತಾರೀಕಿನೊಡನೆ ಬರುತ್ತದೆ. ಆ ದಿನ ಸಾಲಪತ್ರವೂ ಇಲ್ಲ, ಸಾಲ ಕೊಟ್ಟವನೂ ಇಲ್ಲ. ಗಲ್ಲಾದ ಮೇಲೆ ಕುಳಿತ ದಣಿಗಳಿಗೂ ಬಟ್ಟಲು ತೊಳೆಯುವ ಹುಡುಗನಿಗೂ ಒಂದೇ ಗತಿ. ಹತ್ತರೊಡನೆ ಹನ್ನೊಂದು ಎಂಬ ಮಾತಿನಲ್ಲಿ ಸಮಾಧಾನವಿಲ್ಲವೇ? ತಾನು ಒಬ್ಬನೇ ಸೋತನೆಂಬುದು ಸಹಿಸಲಾಗದ ದುಃಖ. ಲೋಕಕ್ಕೆ ಲೋಕವೇ ಸೋತರೆ ಅದರಲ್ಲಿ ತನ್ನ ಸೋಲು ಯಾರ ಕಣ್ಣಿಗೂ ಬೀಳದು. ಮೇಲಾಗಿ, ಯಾರಿಗೂ ಗೊತ್ತಿಲ್ಲದ ರಹಸ್ಯವು ತನಗೆ ಗೊತ್ತೆಂಬ ಹೆಮ್ಮೆಯೂ ಉಂಟು. ದಿನವಿಡೀ ಗಿರಾಕಿಗಳ ಮಾತನ್ನು ಕೇಳಿಯೇ ಬಾಳುವವನಿಗೆ ಅದೇನೂ ಸಣ್ಣ ಲಾಭವಲ್ಲ.

ಇತಿಹಾಸಕಾರ ನಾರ್ಮನ್ ಕೋನ್ 1957ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮಧ್ಯಯುಗದ ಯೂರೋಪಿನ ಇಂತಹ ಚಳವಳಿಗಳನ್ನು ವಿಚಾರಿಸಿದ್ದಾರೆ. ಲೋಕಾಂತ್ಯದ ಬೋಧಕರ ಹಿಂದೆ ಹೆಚ್ಚಾಗಿ ಹೋದವರು ಕೇವಲ ಬಡವರಲ್ಲವೆಂದು ಅವರ ಅಭಿಪ್ರಾಯ. ಹಳ್ಳಿಯ ಆಸರೆಯನ್ನು ಬಿಟ್ಟು, ಬಟ್ಟೆಯ ಉದ್ಯಮದಿಂದ ಬೆಳೆಯುತ್ತಿದ್ದ ಪಟ್ಟಣಗಳಿಗೆ ಬಂದು, ಅಲ್ಲಿ ಬಂಧುಬಳಗವೂ ಇಲ್ಲದೆ, ಸಂಘದ ರಕ್ಷಣೆಯೂ ಇಲ್ಲದೆ ಉಳಿದ ನೇಕಾರರು, ದಿನಗೂಲಿಯವರು ಅವರ ಹಿಂದೆ ಹೋದರಂತೆ. ಸೂರತ್ತಿನ ಮಗ್ಗಗಳ ಸದ್ದಿನ ನಡುವೆ ಬಾಳುವವರು ಇದನ್ನು ಓದಿ ಸ್ವಲ್ಪ ಹೊತ್ತು ಯೋಚಿಸಬೇಕು. ಊರಿನವರೊಡನೆ ವಾರಕ್ಕೊಮ್ಮೆ ಕುಳಿತು ಕಷ್ಟಸುಖ ಮಾತನಾಡುವವನಿಗೆ ಪ್ರಳಯದ ಅಗತ್ಯವು ಅಷ್ಟಾಗಿ ಬೀಳುವುದಿಲ್ಲವೆಂದು ನಮಗೆ ತೋರುತ್ತದೆ.

ಈ ಸಮಾಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. 1844ರ ಅಕ್ಟೋಬರ್ 22ರಂದು ಲೋಕಾಂತ್ಯವೆಂದು ನಂಬಿದ ಅಮೆರಿಕದ ಕೆಲವು ರೈತರು ಹೊಲದ ಬೆಳೆಯನ್ನು ಕೊಯ್ಯದೆಯೇ ಬಿಟ್ಟರು. ನಮ್ಮಲ್ಲಿ ಚೀಟಿಯ ಕಂತನ್ನು ನಿಲ್ಲಿಸುವುದು, ಕೂಡಿಟ್ಟುದನ್ನು ಖರ್ಚು ಮಾಡುವುದು, ಕೆಲಸ ಬಿಟ್ಟು ಊರಿಗೆ ಹೊರಡುವುದು ಇದೇ ಜಾತಿಗೆ ಸೇರಿದವು. ಮತ್ತೊಂದು ಹಾನಿ ಇನ್ನೂ ದೊಡ್ಡದು: ಕಣ್ಣು ಆಕಾಶದ ಮೇಲಿರುವಾಗ ನೆಲವು ಕಾಣುವುದಿಲ್ಲ. 1979ರ ಜುಲೈ 11ರಂದು ಸ್ಕೈಲ್ಯಾಬ್ ಎಂಬ ಆಕಾಶನಿಲಯವು ತಲೆಯ ಮೇಲೆ ಬೀಳುವುದೆಂದು ದೇಶವೆಲ್ಲ ನಡುಗಿತು. ಅದರ ಚೂರುಗಳು ಬಿದ್ದುದು ಹಿಂದೂ ಮಹಾಸಾಗರದಲ್ಲಿ ಮತ್ತು ಆಸ್ಟ್ರೇಲಿಯದಲ್ಲಿ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 11ರಂದು, ಸೌರಾಷ್ಟ್ರದ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣದ ಮೇಲೆ ನೀರು ನುಗ್ಗಿ ಸಾವಿರಾರು ಜನರು ಸತ್ತರು. ಆ ಪ್ರಳಯವನ್ನು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ. 2001ರ ಜನವರಿ 26ರ ಬೆಳಿಗ್ಗೆ ಅಹಮದಾಬಾದಿನ ಮಹಡಿಗಳನ್ನು ಉರುಳಿಸಿದ ಭೂಕಂಪವೂ ತಾರೀಕು ತಿಳಿಸಿ ಬರಲಿಲ್ಲ.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ಸಿಕ್ಕಿದ ರೈಲನ್ನು ಹತ್ತಿ ಓಡಿದರು. ಔಷಧದ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆಗಳು ಮುಗಿದುಹೋದವು. ನಿಜವಾದ ಅಂತ್ಯವು ಬಾಗಿಲಿಗೆ ಬಂದಂತೆ ತೋರಿದಾಗ ಯಾರಿಗೂ ಅದರಲ್ಲಿ ನೆಮ್ಮದಿ ಕಾಣಲಿಲ್ಲ. ಸಾಲಗಾರನೂ ಓಡಿದನು, ಸಾಹುಕಾರನೂ ಓಡಿದನು. ಸತ್ತವರು ಸುಮಾರು 50 ಮಂದಿ. ಮುಂದಿನ ವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿ ದಿನವೂ ಬೀದಿಗೆ ಇಳಿಸಿದರು, ಕಸವನ್ನು ತೆಗೆಸಿದರು, ಕೊಳೆಗೇರಿಗಳಿಗೆ ಚರಂಡಿ ಹಾಕಿಸಿದರು. ಶುಚಿಯಿಲ್ಲದ ಹೋಟೆಲುಗಳಿಗೆ ದಂಡವನ್ನೂ ಹಾಕಿದರು.