ಯೌವನದ ಉಳಿತಾಯವೂ ಕಾಲದ ಗಣಿತವೂ

ಉಡುಪಿಯಲ್ಲಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಣ್ಣ ಸಂಸ್ಥೆಯೊಂದು ಸ್ಥಾಪಿತವಾಯಿತು. ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವ ಈ ಮೂವರೂ ಅದರ ಸ್ಥಾಪಕರು. ಕೈಮಗ್ಗದ ನೇಕಾರರಿಗೆ ಹಣದ ಅನುಕೂಲವನ್ನು ಒದಗಿಸುವುದು ಅವರ ಮೊದಲ ಉದ್ದೇಶವಾಗಿದ್ದಿತು. ಮೂರು ವರ್ಷಗಳ ತರುವಾಯ, 1928ರಲ್ಲಿ, ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಯ ಬಾಗಿಲಿಗೆ, ಅಂಗಡಿಯ ಜಗಲಿಗೆ ತಾನೇ ಬಂದು ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸಿಕೊಂಡು ಹೋಗುತ್ತಿದ್ದನು. ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆದು, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಕನ್ನಡದಲ್ಲಿ ಉಳಿದುಕೊಂಡಿದೆ.

ಹಣ ಮಿಕ್ಕರೆ ಉಳಿತಾಯ ಎಂದು ಸಾಮಾನ್ಯವಾಗಿ ಜನರು ಭಾವಿಸುತ್ತಾರೆ. ಖರ್ಚಿಗೆ ಮೊದಲೇ ಎತ್ತಿಡದ ಹಣ ಮಿಕ್ಕುವುದೇ ಇಲ್ಲ ಎಂಬುದನ್ನು ಪಿಗ್ಮಿ ತೋರಿಸಿಕೊಟ್ಟಿತು. ಆದರೆ ಇದು ವಿಷಯದ ಅರ್ಧಭಾಗ ಮಾತ್ರ. ಎತ್ತಿಟ್ಟ ಹಣ ಎಷ್ಟು ಕಾಲ, ಎಲ್ಲಿ ಇರುತ್ತದೆ ಎಂಬುದು ಉಳಿದ ಅರ್ಧ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ಬಡ್ಡಿಯ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿಗಳ ಸಮಸ್ಯೆಗಳನ್ನು ವಿಸ್ತಾರವಾಗಿಯೇ ಬಿಡಿಸಿದ್ದಾನೆ. ಆದರೂ ಚಕ್ರಬಡ್ಡಿಯಲ್ಲಿ ಕಾಲದ ಪಾತ್ರವೇನೆಂಬುದು ಸುಶಿಕ್ಷಿತರ ಮನಸ್ಸಿಗೂ ಸುಲಭವಾಗಿ ಹತ್ತುವುದಿಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಾರ್ವಜನಿಕ ಭವಿಷ್ಯನಿಧಿಗೆ 2020ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ದರ ಶೇಕಡ 7.1; ಇದೇ ದರ ಉದ್ದಕ್ಕೂ ಇರುವುದೆಂದು ಇಟ್ಟುಕೊಳ್ಳೋಣ. ಒಬ್ಬನು 22ನೆಯ ವಯಸ್ಸಿನಿಂದ ಪ್ರತಿ ವರ್ಷದ ಆರಂಭದಲ್ಲಿ 12,000 ರೂಪಾಯಿಯಂತೆ ಹತ್ತು ವರ್ಷ ಮಾತ್ರ ಕಟ್ಟಿ, ಅನಂತರ ಒಂದು ಕಾಸನ್ನೂ ಸೇರಿಸದೆ ಹಣವನ್ನು ಹಾಗೆಯೇ ಬಿಡುತ್ತಾನೆ. ಇನ್ನೊಬ್ಬನು 32ನೆಯ ವಯಸ್ಸಿನಲ್ಲಿ ಆರಂಭಿಸಿ ಅಷ್ಟೇ ಮೊತ್ತವನ್ನು 28 ವರ್ಷ ತಪ್ಪದೆ ಕಟ್ಟುತ್ತಾನೆ. ಅರವತ್ತು ತುಂಬಿದಾಗ, 1 ಲಕ್ಷ 20 ಸಾವಿರ ಕಟ್ಟಿದ ಮೊದಲನೆಯವನ ಬಳಿ ಸುಮಾರು 12 ಲಕ್ಷ 17 ಸಾವಿರ ರೂಪಾಯಿ ಇರುತ್ತದೆ. 3 ಲಕ್ಷ 36 ಸಾವಿರ ಕಟ್ಟಿದ ಎರಡನೆಯವನ ಬಳಿ ಸುಮಾರು 10 ಲಕ್ಷ 54 ಸಾವಿರ. ಎರಡನೆಯವನ ಶಿಸ್ತಿನಲ್ಲಿ ಕೊರತೆಯೇನೂ ಇಲ್ಲ. ಮೊದಲ ಹತ್ತು ವರ್ಷಗಳು ಅವನ ಕೈತಪ್ಪಿದವು, ಅಷ್ಟೆ.

ಇಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರುತ್ತ ಹೋದರೆ, 38 ವರ್ಷಗಳ ಅನಂತರದ ಆ 12 ಲಕ್ಷ 17 ಸಾವಿರಕ್ಕೆ ಇರುವ ಕೊಳ್ಳುವ ಶಕ್ತಿ ಆರಂಭದ ದಿನದ ಸುಮಾರು 1 ಲಕ್ಷ 91 ಸಾವಿರ ರೂಪಾಯಿಗೆ ಸಮನಾದುದು. ಅಂದರೆ ಶೇಕಡ 7.1ರ ಬಡ್ಡಿಯಲ್ಲಿ ನಿಜವಾದ ಗಳಿಕೆ ಶೇಕಡ 2 ಮಾತ್ರ. ಇದೇ ನಿಧಿ 1980ರ ದಶಕದ ಉತ್ತರಾರ್ಧದಿಂದ 2000ದ ಜನವರಿಯವರೆಗೆ ಶೇಕಡ 12ನ್ನು ಕೊಡುತ್ತಿದ್ದಿತು. ಆ ಕಾಲದ ಹಿರಿಯರು ‘ಠೇವಣಿಯೊಂದೇ ಸಾಕು’ ಎಂದು ಇಂದಿನ ತರುಣರಿಗೆ ಹೇಳುವಾಗ ದರದ ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ಆದಕಾರಣ ದೀರ್ಘಾವಧಿಯ ಉಳಿತಾಯದ ಒಂದು ಪಾಲಾದರೂ ಉದ್ಯಮಗಳ ಷೇರುಗಳಲ್ಲಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಮುಂಬಯಿ ಷೇರುಪೇಟೆಯ ಸೂಚ್ಯಂಕವನ್ನು 1978-79ರಲ್ಲಿ 100 ಎಂದು ಹಿಡಿಯಲಾಗಿತ್ತು. 2024ರ ಜುಲೈನಲ್ಲಿ ಅದು 80,000ವನ್ನು ದಾಟಿತು. ಈ ಏರಿಕೆ ಮೆಟ್ಟಿಲಿನಂತೆ ಕ್ರಮವಾಗಿ ಬಂದುದಲ್ಲ. 2008ರ ಜನವರಿಯಲ್ಲಿ 21,000ವನ್ನು ಮುಟ್ಟಿದ ಸೂಚ್ಯಂಕ ಅದೇ ವರ್ಷದ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಬಿದ್ದಿತು. ಹಳೆಯ ಮಟ್ಟವನ್ನು ಮತ್ತೆ ಕಂಡುದು 2010ರ ನವೆಂಬರಿನಲ್ಲಿ. ನಿವೃತ್ತಿಯ ಹೊಸ್ತಿಲಲ್ಲಿದ್ದವನಿಗೆ ಇಂತಹ ಕುಸಿತ ದುರಂತವೇ ಸರಿ. ಇಪ್ಪತ್ತೈದರ ತರುಣನಿಗಾದರೋ, ಅವನು ತಿಂಗಳು ತಿಂಗಳೂ ಕೊಳ್ಳುತ್ತಿದ್ದರೆ, ಅದೇ ಹಣಕ್ಕೆ ಹೆಚ್ಚು ಪಾಲುಗಳು ದೊರೆಯುವ ಅವಕಾಶ. ವಯಸ್ಸಿನಿಂದ ವಯಸ್ಸಿಗೆ ಅಪಾಯದ ಅರ್ಥವೇ ಬದಲಾಗುತ್ತದೆ. ಹಾಗೆಯೇ ‘ಭದ್ರ’ ಎಂಬ ಹೆಸರನ್ನು ಮಾತ್ರ ನಂಬಿ ಹಣ ಹೂಡುವುದೂ ಸಲ್ಲದು. 1964ರಲ್ಲಿ ಆರಂಭವಾದ ಯೂನಿಟ್ ಟ್ರಸ್ಟಿನ ‘ಯು.ಎಸ್. 64’ನ್ನು ಮಧ್ಯಮವರ್ಗದವರು ಠೇವಣಿಯಂತೆಯೇ ಕಂಡಿದ್ದರು. ಅದರ ಯೂನಿಟ್ಟಿನ ಬೆಲೆಗೂ ಅದರ ಹಿಂದಿದ್ದ ಆಸ್ತಿಯ ಮೌಲ್ಯಕ್ಕೂ ಸಂಬಂಧ ತಪ್ಪಿಹೋಗಿ, 2001ರ ಜುಲೈನಲ್ಲಿ ಯೂನಿಟ್ಟುಗಳ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಬೇಕಾಯಿತು.

ನಿರ್ವಹಣಾವೆಚ್ಚದ ಬಗ್ಗೆ ಒಂದೇ ಮಾತು: ವರ್ಷಕ್ಕೆ ಶೇಕಡ 1ರ ವೆಚ್ಚ ನೋಡಲು ಕ್ಷುಲ್ಲಕವಾದರೂ 38 ವರ್ಷಗಳಲ್ಲಿ ಅದು ಆರಂಭದಲ್ಲಿಯೇ ಹೂಡಿದ ಹಣದ ಅಂತಿಮ ಮೊತ್ತದಿಂದ ಮೂರರಲ್ಲೊಂದು ಪಾಲಿನಷ್ಟನ್ನು ಕಬಳಿಸುತ್ತದೆ.

ಚಕ್ರಬಡ್ಡಿ ಸಾಲಗಾರನಿಗೆ ವಿರುದ್ಧವಾಗಿಯೂ ಅಷ್ಟೇ ನಿಷ್ಠೆಯಿಂದ ದುಡಿಯುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡ 3ರ ಬಡ್ಡಿಯೆಂದರೆ ಹಲವರು ವರ್ಷಕ್ಕೆ 36 ಎಂದು ಲೆಕ್ಕಹಾಕುತ್ತಾರೆ. ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಅದು ಶೇಕಡ 42ನ್ನು ಮೀರುತ್ತದೆ. ಸಾಲ ಎರಡೇ ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಇಂತಹ ಸಾಲವಿರುವವನಿಗೆ ಅದನ್ನು ತೀರಿಸುವುದಕ್ಕಿಂತ ಲಾಭಕರವಾದ ಹೂಡಿಕೆ ಮತ್ತೊಂದಿಲ್ಲ.

ಇವೆಲ್ಲ ನಮ್ಮ ಓದುಗರಿಗೆ ದೂರದ ವಿಷಯಗಳಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಸೇವೆಗೆ ಸೇರಿದವರು ಬಹುಮಟ್ಟಿಗೆ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟರು. ಹಳೆಯ ಪದ್ಧತಿಯಲ್ಲಿ ಕೊನೆಯ ಸಂಬಳವನ್ನು ನೋಡಿ ಪಿಂಚಣಿಯನ್ನು ಗೊತ್ತುಮಾಡುತ್ತಿದ್ದರು. ಹೊಸದರಲ್ಲಿ ಅದು ಸೇವಾವಧಿಯಲ್ಲಿ ಕೂಡಿದ ವಂತಿಗೆ, ಅದರ ಬೆಳವಣಿಗೆಗಳನ್ನು ಅವಲಂಬಿಸಿದೆ. ಒಂದೇ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕುಳಿತ ಇಬ್ಬರ ವೃದ್ಧಾಪ್ಯಕ್ಕೆ ಹೀಗೆ ಎರಡು ಬೇರೆ ಗಣಿತಗಳು.

ಅದೇ ಕೊಠಡಿಯ ಅತಿಥಿ ಉಪನ್ಯಾಸಕರ ಸ್ಥಿತಿಯಾದರೋ ಇನ್ನೂ ಬೇರೆ. ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಕೈಗೆ ಸಂಬಳ ಬರುವುದೆಂಬ ನಂಬಿಕೆ ಇಲ್ಲದವರಿಗೆ ಷೇರಿನ ಮಾತನ್ನು ಮೊದಲೇ ಆಡುವುದು ಔಚಿತ್ಯವಲ್ಲ. ನಾಲ್ಕಾರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇಕಾದಾಗ ದೊರೆಯುವಂತಿರುವುದು ಅವರಿಗೆ ಮೊದಲ ಅಗತ್ಯ. ಖಾಯಂ ಹುದ್ದೆಯ ನಿರೀಕ್ಷೆಯಲ್ಲಿ ಇವರು ಕಳೆಯುವ ಕಾಲ ನಮ್ಮ ಉದಾಹರಣೆಯ ಆ ಹತ್ತು ವರ್ಷಗಳೇ. 32ನೆಯ ವಯಸ್ಸಿನಲ್ಲಿ ಹುದ್ದೆ ದೊರೆತವನು ಮೊದಲನೆಯವನ 12 ಲಕ್ಷ 17 ಸಾವಿರವನ್ನು ಸರಿಗಟ್ಟಬೇಕಾದರೆ, ಅದೇ ದರದಲ್ಲಿ, ವರ್ಷಕ್ಕೆ ಸುಮಾರು 13,860 ರೂಪಾಯಿಯಂತೆ 28 ವರ್ಷಗಳ ಕಾಲ ಕಟ್ಟುತ್ತಿರಬೇಕಾಗುತ್ತದೆ.