ಸೇವೆಗೂ ಮೊದಲು ಸಭೆ

ಕರ್ನಾಟಕದ ಎಷ್ಟೋ ಪಟ್ಟಣಗಳ ಹೊರವಲಯದಲ್ಲಿ, ಊರಿನ ಹೆಸರಿನ ಫಲಕದ ಆಚೀಚೆ, ಹಲ್ಲುಗಾಲಿಯ ಲಾಂಛನವಿರುವ ಇನ್ನೊಂದು ಫಲಕ ಕಾಣುತ್ತದೆ. ರೋಟರಿ ಕ್ಲಬ್ ನಿಮ್ಮನ್ನು ಸ್ವಾಗತಿಸುತ್ತದೆ ಎಂಬ ಸಾಲಿನ ಕೆಳಗೆ ಹಲವು ಕಡೆ ಸಭೆ ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಎಂಬುದನ್ನೂ ಬರೆದಿರುತ್ತಾರೆ. ಕ್ಲಬ್ಬು ಎಷ್ಟು ಕನ್ನಡಕ ಹಂಚಿತು, ಎಷ್ಟು ಯೂನಿಟ್ ರಕ್ತ ಸಂಗ್ರಹಿಸಿತು, ಯಾವ ಶಾಲೆಗೆ ಬೆಂಚು ಕೊಟ್ಟಿತು ಎಂಬ ಲೆಕ್ಕ ಅಲ್ಲಿರುವುದಿಲ್ಲ. ಜನರಿಗೆ ರೋಟರಿ ಗೊತ್ತಿರುವುದು ನೇತ್ರ ತಪಾಸಣಾ ಶಿಬಿರ, ಬಸ್ ತಂಗುದಾಣ, ಪತ್ರಿಕೆಯ ಒಳಪುಟದಲ್ಲಿ ಬರುವ ಪದಗ್ರಹಣದ ಫೋಟೊ ಇವುಗಳಿಂದ. ವಾರದ ಸಭೆಯೆಂದರೆ ಊಟಕ್ಕೆ ಮುಂಚಿನ ಶಿಷ್ಟಾಚಾರ ಎಂಬ ತಮಾಷೆ ಸದಸ್ಯರ ನಡುವೆಯೇ ಚಾಲ್ತಿಯಲ್ಲಿದೆ. ಆದರೆ ಈ ಸಂಸ್ಥೆಯ ನೂರಿಪ್ಪತ್ತು ವರ್ಷಗಳ ನಡೆಯನ್ನು ನೋಡಿದರೆ ಫಲಕ ಬರೆಸಿದವರ ಲೆಕ್ಕಾಚಾರವೇ ಸರಿ ಎನಿಸುತ್ತದೆ. ಸೇವೆ ಕಣ್ಣಿಗೆ ಬೀಳುವ ಫಲ. ಅದನ್ನು ಹುಟ್ಟಿಸುವುದೂ ಉಳಿಸುವುದೂ ಮೇಲುನೋಟಕ್ಕೆ ನಿಷ್ಪ್ರಯೋಜಕವೆನಿಸುವ ಆ ವಾರದ ಭೇಟಿ.

ಸಭೆಯ ನಡಾವಳಿ ಬಹುಮಟ್ಟಿಗೆ ಎಲ್ಲ ಕಡೆ ಒಂದೇ. ಅಧ್ಯಕ್ಷರು ಕೊರಳಿಗೆ ಕಾಲರ್ ಧರಿಸಿ ಮೇಜಿನ ಮೇಲಿನ ಗಂಟೆ ಬಾರಿಸಿದರೆ ಸಭೆ ಶುರು. ಪ್ರಾರ್ಥನೆಯೋ ರಾಷ್ಟ್ರಗೀತೆಯೋ ಆಗುತ್ತದೆ. ‘ಚತುರ್ವಿಧ ಪರೀಕ್ಷೆ’ಯ ವಾಚನ ಇರುತ್ತದೆ: ಆಡುವುದು, ಮಾಡುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ ಎಂದು ತನ್ನನ್ನೇ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳವು. ದಿವಾಳಿಯ ಅಂಚಿಗೆ ಬಂದಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಹೊರಟಿದ್ದ ಹರ್ಬರ್ಟ್ ಟೇಲರ್ 1932ರಲ್ಲಿ ತನ್ನ ನೌಕರರಿಗಾಗಿ ಬರೆದುಕೊಂಡದ್ದನ್ನು ರೋಟರಿ 1943ರಲ್ಲಿ ತನ್ನದಾಗಿಸಿಕೊಂಡಿತು. ಆಮೇಲೆ ಆ ವಾರ ಹುಟ್ಟಿದವರಿಗೆ, ಮದುವೆಯಾದವರಿಗೆ ಶುಭಾಶಯ, ಕಾರ್ಯದರ್ಶಿಯ ಪ್ರಕಟಣೆ, ಅತಿಥಿಯ ಉಪನ್ಯಾಸ, ವಂದನಾರ್ಪಣೆ, ಮತ್ತೆ ಗಂಟೆ. ಇದರಲ್ಲಿ ಊರಿಗೆ ನೇರವಾಗಿ ಉಪಯೋಗವಾಗುವ ಒಂದೇ ಒಂದು ಕೆಲಸವಿಲ್ಲ. ಆದರೆ ಇಷ್ಟರಲ್ಲಿ ಒಬ್ಬ ವೈದ್ಯ, ಒಬ್ಬ ಜವಳಿ ವ್ಯಾಪಾರಿ, ಒಬ್ಬ ಬ್ಯಾಂಕ್ ಮ್ಯಾನೇಜರ್, ಒಬ್ಬ ಕಾಲೇಜು ಅಧ್ಯಾಪಕ ಒಬ್ಬರಿಂದೊಬ್ಬರಿಗೆ ಏನೂ ಆಗಬೇಕಿಲ್ಲದೆ ಒಂದು ಗಂಟೆ ಜೊತೆಗೆ ಕೂತಿರುತ್ತಾರೆ. ಊರಿನಲ್ಲಿ ಉಳಿದ ಹೊತ್ತಿನಲ್ಲಿ ಇವರು ಭೇಟಿಯಾಗುವುದು ರೋಗಿಯಾಗಿ, ಗಿರಾಕಿಯಾಗಿ, ಸಾಲ ಕೇಳುವವರಾಗಿ, ಹುಡುಗನ ಅಂಕಪಟ್ಟಿ ಹಿಡಿದು ನಿಂತ ಪೋಷಕರಾಗಿ. ಆ ಪಾತ್ರಗಳನ್ನೆಲ್ಲ ಹೊರಗಿಟ್ಟು ಕೂರುವ ಜಾಗ ಇನ್ನೊಂದಿಲ್ಲ.

ಹುಟ್ಟಿನ ಕತೆಯೂ ಇದನ್ನೇ ಹೇಳುತ್ತದೆ. 1905ರ ಫೆಬ್ರುವರಿ 23ರಂದು ಷಿಕಾಗೋದ ಯೂನಿಟಿ ಕಟ್ಟಡದ 711ನೇ ಕೋಣೆಯಲ್ಲಿ ನಾಲ್ವರು ಸೇರಿದರು: ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗುಸ್ತಾವಸ್ ಲೋಹರ್, ದರ್ಜಿ ಹಿರಮ್ ಶೋರಿ. ಬಡವರನ್ನು ಉದ್ಧರಿಸುವ ಯೋಜನೆ ಅವರ ಮುಂದಿರಲಿಲ್ಲ. ಸಣ್ಣ ಊರುಗಳಿಂದ ದುಡಿಮೆಗಾಗಿ ದೊಡ್ಡ ನಗರಕ್ಕೆ ಬಂದವರಿಗೆ ಗೆಳೆಯರು ಬೇಕಿತ್ತು. ಗೆಳೆತನದ ಜೊತೆಗೆ ವ್ಯಾಪಾರವೂ ಒಂದಿಷ್ಟು ಕುದುರಿದರೆ ಬೇಡವೆನ್ನುವವರು ಯಾರೂ ಇರಲಿಲ್ಲ. ಇವತ್ತು ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರ ಕಚೇರಿ ಎಂದು ಸರದಿಯ ಮೇಲೆ ಸೇರುತ್ತಿದ್ದುದರಿಂದಲೇ ಸಂಸ್ಥೆಗೆ ಆ ಹೆಸರು. ಊರಿಗಾಗಿ ಮಾಡಿದ ಮೊದಲ ದೊಡ್ಡ ಕೆಲಸವೆಂದು ರೋಟರಿ ನೆನೆಯುವುದು ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಡೆಸಿದ ಪ್ರಯತ್ನವನ್ನು. ಅದು ಆರಂಭವಾದದ್ದು ಸಭೆಗಳು ಶುರುವಾಗಿ ಎರಡು ವರ್ಷಗಳ ನಂತರ. ಜನ ಮೊದಲು ಪರಸ್ಪರ ಪರಿಚಯವಾದರು. ಆಮೇಲೆ ಊರು ಅವರ ಕಣ್ಣಿಗೆ ಬಿತ್ತು. ಈ ಅನುಕ್ರಮವನ್ನು ತಿರುವುಮುರುವು ಮಾಡಿ, ಸೇವೆಗಾಗಿ ಸೇರಿದವರು ಕಾಲಕ್ರಮದಲ್ಲಿ ಗೆಳೆಯರಾದರು ಎಂದು ಓದುವುದು ವಾಡಿಕೆ. ದಾಖಲೆ ಹಾಗೆ ಹೇಳುವುದಿಲ್ಲ.

ಆ ಒಂದು ಗಂಟೆಗೆ ಬಿಗಿ ತಂದುಕೊಟ್ಟದ್ದು ಎರಡು ನಿಯಮಗಳು. ಮೊದಲನೆಯದು ವೃತ್ತಿ ವರ್ಗೀಕರಣ. ಒಂದು ಕ್ಲಬ್ಬಿನಲ್ಲಿ ಒಂದೊಂದು ಕಸುಬಿಗೆ ಒಬ್ಬೊಬ್ಬರೇ ಎಂಬುದು ಮೂಲದ ಕಟ್ಟಳೆ. ಸ್ಪರ್ಧಿಗಳು ಒಳಗೆ ಬಾರದಿರಲಿ ಎಂಬ ವ್ಯಾಪಾರೀ ಬುದ್ಧಿ ಇದರ ಹಿಂದೆ ಇದ್ದೀತು. ಆದರೆ ಪರಿಣಾಮ ಅದಕ್ಕಿಂತ ದೊಡ್ಡದಾಯಿತು: ವಕೀಲರ ಸಂಘ, ವರ್ತಕರ ಸಂಘಗಳಂತೆ ಒಂದೇ ಕಸುಬಿನವರು ತಮ್ಮ ಹಿತ ಕಾಯಲು ಸೇರುವ ಕೂಟ ಇದಾಗಲಿಲ್ಲ. ಕಾಲಕ್ರಮೇಣ ನಿಯಮ ಸಡಿಲವಾದರೂ ಯಾವ ಒಂದು ವೃತ್ತಿಯೂ ಕ್ಲಬ್ಬನ್ನು ಆಳಬಾರದೆಂಬ ತತ್ವ ಉಳಿದುಕೊಂಡಿದೆ. ಎರಡನೆಯದು ಹಾಜರಾತಿ. ಸರಿಯಾದ ಕಾರಣವಿಲ್ಲದೆ ಸತತ ನಾಲ್ಕು ಸಭೆ ತಪ್ಪಿಸಿದವರ ಸದಸ್ಯತ್ವಕ್ಕೇ ಸಂಚಕಾರವಿತ್ತು. ತಪ್ಪಿದ ಸಭೆಯನ್ನು ತುಂಬಿಕೊಡುವ ದಾರಿಯೂ ಇತ್ತು: ಹದಿನಾಲ್ಕು ದಿನ ಹಿಂದೆಮುಂದೆ ಬೇರಾವುದೇ ಊರಿನ, ಬೇರಾವುದೇ ದೇಶದ ಕ್ಲಬ್ಬಿನಲ್ಲಿ ಕೂತು ಬಂದರೆ ಆ ಹಾಜರಿ ಲೆಕ್ಕಕ್ಕೆ ಸಿಗುತ್ತಿತ್ತು. ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋದ ಶಿವಮೊಗ್ಗದವರು ಅಲ್ಲಿಯ ಸಭೆಯಲ್ಲಿ ಅಪರಿಚಿತರಾಗಿ ಉಳಿಯುತ್ತಿರಲಿಲ್ಲ. ಇಚ್ಛೆಯಿಂದ ಸೇರಿದ ಕೂಟಕ್ಕೆ ಶಾಲೆಯಂತೆ ಹಾಜರಿ ಪುಸ್ತಕ ಯಾಕೆ ಎಂದು ಕೇಳಬಹುದು. ಮನಸ್ಸು ಬಂದಾಗ ಬರುವವರ ಕೂಟದಲ್ಲಿ ಕ್ರಮೇಣ ಒಂದೇ ಮನಸ್ಸಿನವರು ಮಾತ್ರ ಉಳಿಯುತ್ತಾರೆ. ಮನಸ್ಸಿಲ್ಲದ ದಿನವೂ ಬಂದಾಗಲೇ ಇಷ್ಟವಿಲ್ಲದವರ ಪಕ್ಕದಲ್ಲೂ ಕೂರುವುದು ಅಭ್ಯಾಸವಾಗುತ್ತದೆ.

ಈ ಸಂಸ್ಥೆಯ ಪ್ರಾಣ ಎಲ್ಲಿದೆ ಎಂಬುದಕ್ಕೆ ಜಪಾನಿನ ಇತಿಹಾಸ ಒಳ್ಳೆಯ ಸಾಕ್ಷಿ. ಅಲ್ಲಿ 1920ರಲ್ಲಿ ಟೋಕಿಯೊದಿಂದ ಆರಂಭವಾದ ರೋಟರಿ, ಯುದ್ಧಕಾಲದ ರಾಷ್ಟ್ರೀಯವಾದದ ಒತ್ತಡಕ್ಕೆ ಸಿಕ್ಕಿ 1940ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಿಂದ ಹೊರಬರಬೇಕಾಯಿತು. ಹೆಸರು ಹೋಯಿತು, ಲಾಂಛನ ಹೋಯಿತು, ಹೊರದೇಶಗಳ ನಂಟು ಕಡಿಯಿತು. ಸದಸ್ಯರಲ್ಲಿ ಹಲವರು ಸೇರುವುದನ್ನು ಮಾತ್ರ ಬಿಡಲಿಲ್ಲ. ಟೋಕಿಯೊದ ಕ್ಲಬ್ಬು ‘ಬುಧವಾರದ ಕ್ಲಬ್’ ಆಯಿತು. ಬೇರೆ ಊರುಗಳಲ್ಲೂ ಹಾಗೆಯೇ ವಾರದ ಹೆಸರಿನ ಕೂಟಗಳು ನಡೆದವು. 1949ರಲ್ಲಿ ಜಪಾನ್ ಮತ್ತೆ ರೋಟರಿಗೆ ಸೇರಿದಾಗ ಕೂಟಗಳು ಹಾಗೇ ಸಿದ್ಧವಿದ್ದವು. ಎಲ್ಲವನ್ನೂ ಕಳಚಿದ ಮೇಲೂ ಉಳಿದದ್ದು ಒಂದು ವಾರ, ಒಂದು ಹೊತ್ತು, ಗೊತ್ತಿರುವ ನಾಲ್ಕು ಮುಖ.

ಭಾರತಕ್ಕೆ ಬಂದರೆ, ಕಲ್ಕತ್ತೆಯ ಕ್ಲಬ್ಬು ಮಾನ್ಯತೆ ಪಡೆದದ್ದು 1920ರಲ್ಲಿ. ಬೆಂಗಳೂರಿನದು ಶುರುವಾದದ್ದು 1934ರಲ್ಲಿ. ಇಲ್ಲಿಯ ರೋಟರಿಯ ಅತಿ ದೊಡ್ಡ ಕೆಲಸವೆಂದರೆ ಪೋಲಿಯೊ ನಿರ್ಮೂಲನೆಯಲ್ಲಿ ವಹಿಸಿದ ಪಾತ್ರ. 1979ರಲ್ಲಿ ಫಿಲಿಪ್ಪೀನ್ಸಿನ ಅರವತ್ತು ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ಒಪ್ಪಂದದಿಂದ ಆರಂಭಿಸಿ, 1985ರಲ್ಲಿ ಜಗತ್ತಿನ ಎಲ್ಲ ಮಕ್ಕಳನ್ನೂ ಮುಟ್ಟುವ ಸಂಕಲ್ಪ ಮಾಡಿದಾಗ ಸಂಸ್ಥೆ ಹಾಕಿಕೊಂಡ ನಿಧಿಯ ಗುರಿ 12 ಕೋಟಿ ಡಾಲರ್. 1988ರ ಹೊತ್ತಿಗೆ ಕ್ಲಬ್ಬುಗಳಿಂದ ಬಂದ ಕೊಡುಗೆ, ವಾಗ್ದಾನ 24.7 ಕೋಟಿ ಮುಟ್ಟಿತ್ತು. ಆದರೂ ಹಣಕ್ಕಿಂತ ಕಷ್ಟದ್ದು ಮನೆಬಾಗಿಲು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಬೂತಿಗೆ ಜಾಗ, ಲಸಿಕೆಗೆ ಮಂಜುಗಡ್ಡೆ, ಕಾರ್ಯಕರ್ತರಿಗೆ ತಿಂಡಿ, ಓಡಾಟಕ್ಕೆ ಜೀಪು ಇಂಥ ಸಣ್ಣಪುಟ್ಟ ಏರ್ಪಾಡುಗಳನ್ನು ಊರಿನವರೇ ಮಾಡಬೇಕಿತ್ತು. ಉತ್ತರ ಪ್ರದೇಶದಲ್ಲಿ ಲಸಿಕೆಯ ಬಗ್ಗೆ ಅನುಮಾನ ಹಬ್ಬಿದ್ದಾಗ ರೋಟರಿ ಉಲೇಮಾಗಳ ಸಮಿತಿಯನ್ನೇ ರಚಿಸಿ ಅವರ ಬಾಯಿಂದ ಧೈರ್ಯ ಹೇಳಿಸಿತು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, ಮರುವರ್ಷ 42, ಕೊನೆಯದು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಲಕ್ಷಾಂತರ ಆರೋಗ್ಯ ಕಾರ್ಯಕರ್ತರ ದುಡಿಮೆ ಇದರಲ್ಲಿ ದೊಡ್ಡದು. ಆದರೆ ಯಾರ ಛತ್ರ ಖಾಲಿಯಿದೆ, ಯಾರ ಐಸ್ ಕಾರ್ಖಾನೆ ನಡೆಯುತ್ತಿದೆ, ಯಾವ ಮೊಹಲ್ಲಾದಲ್ಲಿ ಯಾರ ಮಾತು ನಡೆಯುತ್ತದೆ ಎಂಬ ತಿಳಿವಳಿಕೆಯನ್ನು ಯಾವ ಕೇಂದ್ರ ಕಚೇರಿಯೂ ಕೊಡಲಾರದು. ಅದು ವರ್ಷಗಟ್ಟಲೆ ವಾರಕ್ಕೊಮ್ಮೆ ಕೂತವರಲ್ಲಿ ತಾನಾಗಿ ಸಂಗ್ರಹವಾಗಿರುತ್ತದೆ.

ಆಕ್ಷೇಪಗಳು ಕಡಿಮೆಯಿಲ್ಲ. ಹೋಟೆಲಿನ ಹಾಲು, ಊಟ, ಶಾಲು, ಸ್ಮರಣಿಕೆಗಳಿಗೆ ಸುರಿಯುವ ಹಣವನ್ನು ನೇರವಾಗಿ ಆಸ್ಪತ್ರೆಗೆ ಕೊಟ್ಟರಾಗದೇ ಎಂಬುದು ಹಳೆಯ ಪ್ರಶ್ನೆ. ದುಂದುವೆಚ್ಚದ ಮಟ್ಟಿಗೆ ಅದು ನ್ಯಾಯವೇ. ಆದರೆ ಚೆಕ್ ಬರೆದು ಕೊಟ್ಟ ದಾನಕ್ಕೆ ಬೆನ್ನುಹತ್ತಿ ನೋಡುವವರಿರುವುದಿಲ್ಲ. ರೋಟರಿಯ ಲೆಕ್ಕದಲ್ಲಿ ಜುಲೈ 1ಕ್ಕೆ ಹೊಸ ವರ್ಷ; ಪ್ರತಿವರ್ಷ ಹೊಸ ಅಧ್ಯಕ್ಷರು, ಅವರದೇ ಹೊಸ ಕನಸು. ಇಂಥ ವ್ಯವಸ್ಥೆಯಲ್ಲಿ ಉದ್ಘಾಟನೆಗೊಂಡು ಮರೆತುಹೋಗುವ ಯೋಜನೆಗಳೇ ಹೆಚ್ಚಾಗಬೇಕಿತ್ತು, ಹಾಗೆ ಮರೆತವು ಇವೆ ಕೂಡ. ಬೆಂಗಳೂರಿನ ರೋಟರಿ–ಟಿಟಿಕೆ ರಕ್ತನಿಧಿಯಂಥವು ದಶಕಗಳ ಕಾಲ ನಡೆದುಬಂದಿದ್ದರೆ ಅದಕ್ಕೆ ಒಬ್ಬ ಅಧ್ಯಕ್ಷರ ಉತ್ಸಾಹವಷ್ಟೇ ಸಾಲದು. ವರ್ಷ ಮುಗಿದರೂ ಅದೇ ಹಾಲಿನಲ್ಲಿ ಕೂರುವ ಮಾಜಿ ಅಧ್ಯಕ್ಷರು, ‘ಆ ಕೆಲಸ ಎಲ್ಲಿಗೆ ಬಂತು’ ಎಂದು ಕೇಳುವ ಹಳಬರು ಬೇಕು. ಹೊಣೆಗಾರಿಕೆಗೆ ಬೇಕಾದ ಮುಖಾಮುಖಿಯ ಮುಜುಗರವನ್ನು ಸಭೆ ಪುಕ್ಕಟೆಯಾಗಿ ಒದಗಿಸುತ್ತದೆ.

ಇದು ಉಳ್ಳವರ ಕೂಟ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಿಂಕ್ಲೇರ್ ಲೂಯಿಸ್ 1922ರಲ್ಲೇ ತನ್ನ ‘ಬ್ಯಾಬಿಟ್’ ಕಾದಂಬರಿಯಲ್ಲಿ ಇಂಥ ಕ್ಲಬ್ಬುಗಳ ಸ್ವಪ್ರಶಂಸೆಯನ್ನು ಗೇಲಿ ಮಾಡಿದ್ದ. ಹೆಂಗಸರಿಗಂತೂ ಬಾಗಿಲು ದಶಕಗಳ ಕಾಲ ಮುಚ್ಚಿತ್ತು. ಸದಸ್ಯರ ಪತ್ನಿಯರು ‘ಆನ್ಸ್’ ಎನಿಸಿಕೊಂಡು ಕುಟುಂಬ ಸಮ್ಮಿಲನಕ್ಕೆ ಬರುವವರಾಗಿದ್ದರು. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಪುಟ್ಟ ಊರಿನ ಕ್ಲಬ್ಬು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ 1978ರಲ್ಲಿ ಅದರ ಮಾನ್ಯತೆಯನ್ನೇ ರದ್ದು ಮಾಡಲಾಯಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಇದು ಆಪ್ತರ ಖಾಸಗಿ ಬಳಗ, ಯಾರಿರಬೇಕೆಂಬುದು ನಮ್ಮಿಷ್ಟ ಎಂದು ಸಂಸ್ಥೆ ವಾದಿಸಿತು. 1987ರ ಮೇ 4ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದು ನೋಡಿದ್ದು ಸಭೆಯ ಸ್ವರೂಪವನ್ನೇ: ಇಪ್ಪತ್ತರೊಳಗಿನಿಂದ ಒಂಬೈನೂರರ ಮೇಲಿನವರೆಗೆ ಸದಸ್ಯರು, ಹೊರಗಿನ ಅತಿಥಿಗಳು, ಬೇರೆ ಕ್ಲಬ್ಬುಗಳಿಂದ ಬಂದು ಕೂರುವವರು, ಇದು ಹೇಗೆ ಖಾಸಗಿಯಾದೀತು? ಎರಡು ವರ್ಷಗಳ ಬಳಿಕ ಸಂಸ್ಥೆ ಜಗತ್ತಿನಾದ್ಯಂತ ಮಹಿಳೆಯರಿಗೆ ಸದಸ್ಯತ್ವ ತೆರೆಯಿತು. 2022ರಲ್ಲಿ ಜೆನಿಫರ್ ಜೋನ್ಸ್ ಅದರ ಮೊದಲ ಮಹಿಳಾ ಅಧ್ಯಕ್ಷೆಯಾದರು. ಆಕ್ಷೇಪ ಇದರಿಂದ ಸಂಪೂರ್ಣ ಬಗೆಹರಿಯಲಿಲ್ಲ. ಶುಲ್ಕ, ಊಟ, ಇಂಗ್ಲಿಷಿನ ಬಿಗುಮಾನ ಇವತ್ತಿಗೂ ಹಲವರನ್ನು ಹೊರಗೇ ನಿಲ್ಲಿಸುತ್ತವೆ. ಆದರೆ ಈ ದೋಷ ಭೇಟಿಯದ್ದಲ್ಲ, ಆಹ್ವಾನದ್ದು. ಕೂರುವುದರಿಂದ ಪ್ರಯೋಜನವಿದೆ ಎಂದಾದರೆ, ಯಾರನ್ನು ಕೂರಿಸುತ್ತೇವೆ ಎಂಬ ಪ್ರಶ್ನೆಯ ತೂಕ ಇನ್ನಷ್ಟು ಹೆಚ್ಚುತ್ತದೆ.

ಅದಕ್ಕಿಂತ ಕಹಿಯಾದ ಉದಾಹರಣೆ ಮ್ಯೂನಿಕ್‌ನದು. ಕಾದಂಬರಿಕಾರ ಥಾಮಸ್ ಮನ್ ಅಲ್ಲಿಯ ರೋಟರಿಯ ಸದಸ್ಯನಾಗಿದ್ದ. ನಾತ್ಸಿಗಳು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, 1933ರ ಏಪ್ರಿಲಿನಲ್ಲಿ, ಕ್ಲಬ್ಬು ಅವನನ್ನೂ ಯಹೂದಿ ಸದಸ್ಯರನ್ನೂ ಪಟ್ಟಿಯಿಂದ ಕಿತ್ತುಹಾಕಿತು. ಹಾಗೆ ತಲೆಬಾಗಿದರೂ 1937ರಲ್ಲಿ ಜರ್ಮನಿಯ ಕ್ಲಬ್ಬುಗಳೆಲ್ಲ ಬಾಗಿಲು ಮುಚ್ಚಬೇಕಾಯಿತು. ವಾರವಾರ ಜೊತೆಗೆ ಉಂಡವರೇ ಹೀಗೆ ಮಾಡಿದರೆಂದ ಮೇಲೆ ಸಭೆಯಿಂದ ಸದ್ಗುಣ ತಾನಾಗಿ ಹುಟ್ಟುತ್ತದೆಂದು ಯಾರೂ ಹೇಳಲಾಗದು. ಹಾಗಾದರೆ ಅದರಿಂದ ಏನು ಹುಟ್ಟುತ್ತದೆ? ಅಶುತೋಷ್ ವಾರ್ಷ್ಣೇಯ ಕೋಮುಗಲಭೆಗಳ ಕುರಿತ ತಮ್ಮ 2002ರ ಅಧ್ಯಯನದಲ್ಲಿ ಕಲ್ಲಿಕೋಟೆ–ಅಲೀಗಢದಂಥ ಜೋಡಿ ನಗರಗಳನ್ನು ಹೋಲಿಸಿ ನೋಡಿದರು. ಬೀದಿಯಲ್ಲಿ ನಕ್ಕು ಮಾತಾಡಿಸುವ ದಿನನಿತ್ಯದ ಸ್ನೇಹ ನಗರಗಳಲ್ಲಿ ಒತ್ತಡ ಬಂದಾಗ ಸುಲಭಕ್ಕೆ ಮುರಿಯುತ್ತದೆ. ಹಿಂದೂ ಮುಸ್ಲಿಮರು ಒಟ್ಟಿಗಿರುವ ವ್ಯಾಪಾರಿ ಸಂಘ, ವೃತ್ತಿಪರ ಸಂಸ್ಥೆ, ವಾಚನ ಕೂಟಗಳಂಥ ಸಂಘಟಿತ ನಂಟು ಹೆಚ್ಚು ಬಾಳುತ್ತದೆ ಎಂಬುದು ಅವರ ನಿಲುವು. ಒಟ್ಟಿಗಿರುವ ಎಂಬಲ್ಲಿ ಒತ್ತು ಬೀಳಬೇಕು. ಸಭೆ ಒಂದು ಶಕ್ತಿ. ಒಂದೇ ಬಣದವರನ್ನು ತುಂಬಿಸಿದರೆ ಬಣದ ಶಕ್ತಿ, ಊರಿನ ಬೇರೆ ಬೇರೆಯವರನ್ನು ಕೂರಿಸಿದರೆ ಊರಿನ ಶಕ್ತಿ. ಕಷ್ಟಕಾಲದಲ್ಲಿ ಬೇರೆಯವರನ್ನು ಬಿಟ್ಟುಕೊಡುವ ಕ್ಲಬ್ಬು ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ.

ಇತ್ತೀಚಿನ ಆಕ್ಷೇಪ ಕಾಲದ್ದು. ಯಾರಿಗೂ ಪುರಸೊತ್ತಿಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತು ನಿಮಿಷಕ್ಕೆ ರಕ್ತದಾನಿ ಸಿಗುತ್ತಾನೆ, ಇನ್ನು ಸಭೆಯ ಹಂಗೇಕೆ? ಸಂಸ್ಥೆಯೂ 2016ರಲ್ಲಿ ನಿಯಮ ಸಡಿಲಿಸಿ, ತಿಂಗಳಿಗೆ ಎರಡು ಸಭೆ ಸಾಕು, ಅದು ಆನ್‌ಲೈನ್ ಆದರೂ ಆದೀತು ಎಂದಿತು. ದುಡಿಯುವ ತಾಯಂದಿರಿಗೆ, ದೂರದಲ್ಲಿರುವವರಿಗೆ ಇದು ಅನುಕೂಲವೇ. ಆದರೆ ವಾಟ್ಸ್‌ಆ್ಯಪ್ ಗುಂಪು ಕೆಲಸ ಮಾಡುವುದು ಗೊತ್ತಿರುವವರ ನಡುವೆ. ಗೊತ್ತುಮಾಡಿಕೊಳ್ಳುವ ಕೆಲಸ ಬೇರೆಲ್ಲೋ ಆಗಿರಬೇಕು. ವಾರದ ಸಂತೆ ತಲೆಮಾರುಗಟ್ಟಲೆ ನಿಂತದ್ದು ಸರಕಿನ ಬಲದಿಂದಷ್ಟೇ ಅಲ್ಲ, ಆ ದಿನ ಆ ಜಾಗದಲ್ಲಿ ಜನ ಇದ್ದೇ ಇರುತ್ತಾರೆಂಬ ನಂಬಿಕೆಯಿಂದ. ರಾಬರ್ಟ್ ಪಟ್ನಮ್ ಅಮೆರಿಕದ ಕ್ಲಬ್ಬುಗಳ ಕುಸಿತವನ್ನು 2000ದಲ್ಲಿ ದಾಖಲಿಸಿದಾಗಲೂ ಗಮನಕ್ಕೆ ಬಂದದ್ದು ಇದೇ: ಚಂದಾ ಕಟ್ಟಿ ಹೆಸರಿಗೆ ಸದಸ್ಯರಾಗುವ ಸಂಸ್ಥೆಗಳು ಬೆಳೆದವು, ಜನ ಎದುರುಬದುರು ಕೂರುವುದು ಕರಗಿತು.

ಹಾಗಾಗಿ ನಮ್ಮ ಊರಿನ ಕ್ಲಬ್ಬುಗಳ ಮುಂದಿರುವ ಸುಧಾರಣೆ ಸಭೆಯನ್ನು ಕಡಿಮೆ ಮಾಡುವುದಲ್ಲ, ಅಗ್ಗ ಮಾಡುವುದು, ಅಗಲ ಮಾಡುವುದು. ಹೋಟೆಲಿನ ಊಟದ ಬದಲು ಶಾಲೆಯ ಕೊಠಡಿ, ಕಾಫಿ ಸಾಕು. ಭಾಷಣ ಕನ್ನಡದಲ್ಲಿರಲಿ. ಒಂದು ಕಸುಬಿಗೆ ಒಬ್ಬರು ಎಂಬ ಹಳೆಯ ಕಟ್ಟಳೆಯನ್ನು ಮನಃಪೂರ್ವಕ ಪಾಲಿಸಿದರೆ ವೈದ್ಯರ ಜೊತೆ ನರ್ಸ್, ಬಿಲ್ಡರ್ ಜೊತೆ ಗಾರೆ ಮೇಸ್ತ್ರಿ, ಸಗಟು ವ್ಯಾಪಾರಿಯ ಜೊತೆ ರೈತ ಬರಲೇಬೇಕಾಗುತ್ತದೆ. ಷಿಕಾಗೋದ ಆ ಮೊದಲ ನಾಲ್ವರಲ್ಲಿ ಒಬ್ಬ ದರ್ಜಿಯಾಗಿದ್ದ. ಕ್ಲಬ್ಬಿನ ವಾರ್ಷಿಕ ವರದಿಯಲ್ಲಿ ಎಷ್ಟು ಶಿಬಿರ ನಡೆಯಿತೆಂಬ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಹಾಜರಿ ಪುಸ್ತಕ: ಅದರಲ್ಲಿ ಯಾವ ಕಸುಬಿನವರ, ಯಾವ ಬೀದಿಯವರ ಹೆಸರುಗಳಿವೆ, ಅವರಲ್ಲಿ ಎಷ್ಟು ಜನ ತಪ್ಪದೆ ಬರುತ್ತಾರೆ. ಅದು ಸರಿಯಿದ್ದ ಕ್ಲಬ್ಬಿಗೆ ಕೆಲಸ ಹುಡುಕಿಕೊಡಬೇಕಾಗಿಲ್ಲ.